ಹಿತ್ತಾಳೆ ಹಿಡಿಯ ಗೇರು

ಕಾರು ಮುಂದಕ್ಕೆ ಹೋಗಬೇಕಾಗಿತ್ತು. ಹಿಂದಕ್ಕೆ ಹೋಯಿತು.

ಹೋಗಿದ್ದು ಹತ್ತೇ ಹತ್ತು ಅಡಿ. ಆದರೆ ಆ ಹತ್ತು ಅಡಿಯ ಕೊನೆಯಲ್ಲಿ ಪಕ್ಕದ ಮನೆಯ ಮಂಗಮ್ಮಜ್ಜಿಯ ಬೆರಣಿ ಗೂಡು ಇತ್ತು. ಕಾರಿನ ಹಿಂಭಾಗ ಅದಕ್ಕೆ ಮೆತ್ತಗೆ ಒರಗಿತು. ಗೂಡು ಒಂದು ಗಳಿಗೆ ಯೋಚನೆ ಮಾಡುವಂತೆ ನಿಂತು, ಆಮೇಲೆ ದಬದಬ ಕುಸಿಯಿತು. ನೆರಳಲ್ಲಿ ಮಲಗಿದ್ದ ಕೋಳಿಯೊಂದು ಕಿರುಚುತ್ತ ಗೋಡೆ ಹಾರಿತು. ಗೂಡಿನ ಪಕ್ಕದ ಗೂಟಕ್ಕೆ ಕಟ್ಟಿದ್ದ ಕರು ಹಗ್ಗ ಎಟುಕುವಷ್ಟು ದೂರ ಸರಿದು ನಿಂತು, ಕಿವಿ ನಿಮಿರಿಸಿ ನೋಡಿತು.

ಕರುವಿಗೂ ಕಾರಿನ ಬಂಪರಿಗೂ ನಡುವೆ ಉಳಿದಿದ್ದು ಒಂದು ಮೊಳ ಜಾಗ.

ಗೇಟು ತೆಗೆಯಲು ಮುಂದೆ ಓಡಿದ್ದ ಗಂಗರತ್ನ ಅಲ್ಲೇ ನಿಂತುಬಿಟ್ಟಳು. ಗೇಟಿನ ಇನ್ನೊಂದು ಬಾಗಿಲು ಹಿಡಿದಿದ್ದ ಅಪ್ಪ ವೆಂಕಟೇಶಪ್ಪ ಅದನ್ನು ಬಿಟ್ಟು ಕಾರಿನ ಕಡೆ ಓಡಿದರು. ಸ್ಟಿಯರಿಂಗ್ ಹಿಂದೆ ತಾತ ಮುನಿಸ್ವಾಮಪ್ಪ ನೆಟ್ಟಗೆ ಕೂತಿದ್ದರು. ಅವರ ಬಲಗಾಲು ಬ್ರೇಕನ್ನು ಒತ್ತಿ ಹಿಡಿದಿತ್ತು. ಎಡಗಾಲು ಇರಬೇಕಾದ ಕಡೆ ಪಂಚೆ ಮಡಚಿಕೊಂಡಿತ್ತು. ಗೇರು ನಟ್ಟನಡುವೆ ನಿಂತಿತ್ತು.

"ಡಿಗೆ ಆಕಿದ್ದೆ ಕಣಪ್ಪಾ," ಅಂದರು ತಾತ. "ಮುಂದಕ್ಕೆ ಅಂತಾನೇ ಆಕಿದ್ದೆ."

ಅಪ್ಪ ಕಿಟಕಿಯಿಂದ ಬಗ್ಗಿ ಗೇರಿನ ಪಕ್ಕದ ತಗಡಿನ ಪ್ಲೇಟನ್ನು ನೋಡಿದರು. ಬಿಳಿ ಪೇಂಟಿನಲ್ಲಿ ಐದು ಇಂಗ್ಲಿಷ್ ಅಕ್ಷರಗಳಿದ್ದವು. ಆಮೇಲೆ ತಲೆಯೆತ್ತಿ ಗಂಗಾಳನ್ನು ನೋಡಿದರು.

"ಇದನ್ನ ಬರ್ದವಳು ನೀನೇ ಅಲ್ವಾ?"

ಬರೆದವಳು ಅವಳೇ. ಅದೇ ದಿನ, ಭಾನುವಾರ ಬೆಳಿಗ್ಗೆ, ಬೇವಿನ ಕಡ್ಡಿಗೆ ದಾರ ಸುತ್ತಿ ಬ್ರಷ್ ಮಾಡಿಕೊಂಡು, ನಾಲಿಗೆ ಕಚ್ಚಿಕೊಂಡು ಬರೆದಿದ್ದಳು. ಗೇರು ಕೂರಿಸಿದ ಆರುಮುಗಂ ಮಾಮ ಹೇಳಿದ ಹಾಗೆಯೇ ಬರೆದೆ ಎಂದು ಅವಳು ಹೇಳುವಷ್ಟರಲ್ಲಿ ಮಂಗಮ್ಮಜ್ಜಿ ಗೋಡೆಯ ಆಚೆಯಿಂದ ತಲೆ ಎತ್ತಿದಳು. ಬಿದ್ದ ಬೆರಣಿಗಳನ್ನು ನೋಡಿದಳು. ಕಾರನ್ನು ನೋಡಿದಳು.

"ಮುನ್‌ಸಾಮಣ್ಣಾ, ಬೆರಣಿ ಬೇಕಾಗಿದ್ರೆ ಕೇಳ್ಬಾರ್ದಾ?" ಅಂದಳು. "ಕಾರ್ ತಕೊಂಡ್ ಬರ್ಬೇಕಿತ್ತಾ?"

ಯಾರೂ ನಗಲಿಲ್ಲ. ಅಪ್ಪ ಕೀ ತೆಗೆದುಕೊಂಡು ಒಳಗೆ ಹೋಗಿ ದೇವರ ಪಟದ ಮೇಲಿನ ಮೊಳೆಗೆ ನೇತುಹಾಕಿದರು. ಅದು ಗಂಗಾಳಿಗೂ ಎಟುಕದು, ಊರುಗೋಲಿನ ತಾತನಿಗೂ ಎಟುಕದು.

*

ಆ ಕಾರು ತಾತನಿಗೆ ಸಿಕ್ಕಿದ್ದು ಗಂಗಾ ಹುಟ್ಟುವ ಎಷ್ಟೋ ವರ್ಷ ಮೊದಲು. ಆಗ ತಾತ ಊರಿಗಾಂನ ಚಿನ್ನದ ಗಣಿಯಲ್ಲಿ ವೈಂಡಿಂಗ್ ಡ್ರೈವರ್. ಅಂದರೆ ಗಣಿಯ ಬಾವಿಯೊಳಗೆ ಜನರನ್ನು ಕೇಜಿನಲ್ಲಿ ಇಳಿಸುವ, ಎತ್ತುವ ದೊಡ್ಡ ಯಂತ್ರ ನಡೆಸುವವರು. ಅಲ್ಲಿದ್ದ ಬಿಳಿಯ ಸಾಹೇಬರೊಬ್ಬರು ತಮ್ಮ ದೇಶಕ್ಕೆ ವಾಪಸು ಹೋಗುವಾಗ ತಮ್ಮ ಅಮೆರಿಕದ ಕಾರನ್ನು ತಾತನಿಗೆ ಬಿಟ್ಟುಹೋದರು. ತಾತ ರಿಟೈರ್ ಆಗಿ ಬಂಗಾರಪೇಟೆಯ ಈ ಮನೆಗೆ ಬಂದಾಗ ಕಾರೂ ಜೊತೆಗೆ ಬಂತು. ಹಸುವಿನ ಕೊಟ್ಟಿಗೆಯ ಪಕ್ಕದಲ್ಲಿ ಟಾರ್ಪಾಲಿನ್ ಹೊದ್ದು ಮಲಗಿತು.

ಹೋದ ವರ್ಷ ಸಕ್ಕರೆ ಕಾಯಿಲೆಯಿಂದ ತಾತನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಗೇಟು ದಾಟಿರಲಿಲ್ಲ. ಬಸ್ಸಿನ ಮೆಟ್ಟಿಲು ಎತ್ತರ. ರೈಲಿನ ಮೆಟ್ಟಿಲು ಇನ್ನೂ ಎತ್ತರ. ಜಗಲಿಯ ಮೇಲೆ ಕೂತು, ಸ್ಟೇಷನ್ನಿನಿಂದ ಬರುವ ಸದ್ದು ಕೇಳುತ್ತ, ಇದು ಯಾವ ಗಾಡಿ, ಎಷ್ಟು ಲೇಟು ಎಂದು ಹೇಳುವುದೇ ಅವರ ಕೆಲಸವಾಯಿತು.

ಒಂದು ದಿನ ಇದ್ದಕ್ಕಿದ್ದಂತೆ ಟಾರ್ಪಾಲಿನ್ ತೆಗೆಯಿರಿ ಅಂದರು. ಆ ಕಾರಿನಲ್ಲಿ ಕ್ಲಚ್ಚೇ ಇರಲಿಲ್ಲ. ಗೇರು ತಾನಾಗಿ ಬದಲಾಗುವ ಆಟೊಮ್ಯಾಟಿಕ್ ಕಾರು ಅದು. ಬ್ರೇಕು, ಆಕ್ಸಿಲರೇಟರು ಎರಡೂ ಬಲಗಾಲಿಗೇ. ಎಡಗಾಲಿಗೆ ಕೆಲಸವೇ ಇಲ್ಲ.

"ಇಪ್ಪತ್ತು ವರ್ಷ ನಂಗೋಸ್ಕರ ಕಾಯ್ಕೊಂಡು ಕೂತಿದೆ ನೋಡು," ಅಂದಿದ್ದರು ತಾತ. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ಗಂಗಾ ಬಹಳ ದಿನದಿಂದ ನೋಡಿರಲಿಲ್ಲ. ಇಂಜಿನ್ ಸರಿಹೋದರೆ ಊರಿಗಾಂಗೆ ಕರೆದುಕೊಂಡು ಹೋಗುತ್ತೇನೆ, ಬಾವಿಯ ಮೇಲೆ ತಿರುಗುವ ದೊಡ್ಡ ಚಕ್ರ ತೋರಿಸುತ್ತೇನೆ ಎಂದು ಅವಳಿಗೆ ಮಾತೂ ಕೊಟ್ಟಿದ್ದರು.

ಇಂಜಿನ್ ಸರಿಹೋಯಿತು. ಗೇರು ಸರಿಹೋಗಲಿಲ್ಲ. ಸ್ಟಿಯರಿಂಗಿನ ಕೊರಳಿಗೆ ಅಂಟಿಕೊಂಡಿದ್ದ ಗೇರಿನ ಹಿಡಿ ಒಳಗೆಲ್ಲೋ ಮುರಿದಿತ್ತು. ಅಪ್ಪ ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವವರು, ಜೆ.ಸಿ. ರಸ್ತೆಯ ಅಂಗಡಿಗಳಲ್ಲೆಲ್ಲ ವಿಚಾರಿಸಿದರು. ಅಂಥ ಸಾಮಾನು ಅಂಗಡಿಯವರು ಕಣ್ಣಲ್ಲಿ ಕೂಡ ಕಂಡಿರಲಿಲ್ಲ.

ಆಗ ಬಂದವರು ಆರುಮುಗಂ ಮಾಮ. ಗಣಿಯಲ್ಲಿ ಫಿಟ್ಟರ್ ಆಗಿದ್ದವರು, ತಾತನ ಹಳೆಯ ಸ್ನೇಹಿತರು. ಸ್ಟಿಯರಿಂಗ್ ಮೇಲಿನ ಗೇರು ಬೇಡವೇ ಬೇಡ, ನೆಲದಿಂದಲೇ ಒಂದು ಹೊಸ ಗೇರು ಎಬ್ಬಿಸೋಣ ಅಂದರು. ನಾಲ್ಕು ಭಾನುವಾರ ರೈಲಿನಲ್ಲಿ ಬಂದರು. ಲಾರಿಯ ಹಳೆಯ ಗೇರು ಕಡ್ಡಿಯೊಂದನ್ನು ಕತ್ತರಿಸಿ, ಬಗ್ಗಿಸಿ, ಕಾರಿನ ನೆಲದಲ್ಲಿ ತೂತು ಕೊರೆದು ನಿಲ್ಲಿಸಿದರು. ಅದು ಆಡುವುದಕ್ಕೆ ನೆಲದ ಅಡಿಯಲ್ಲಿ ಒಂದು ದಪ್ಪ ಆಣಿ. ಆಣಿಯ ಕೆಳಗೆ ಉಳಿದ ತುದಿಯಿಂದ ಗೇರ್‌ಬಾಕ್ಸಿನ ಪಕ್ಕದ ತೋಳಿಗೆ ಒಂದು ಉದ್ದನೆಯ ಸರಳು.

ಮೇಲಿನ ತುದಿಗೆ ಹಿಡಿ ಬೇಕಾಗಿತ್ತು. ತಾತ ತಮ್ಮ ಟ್ರಂಕಿನಿಂದ ಹಿತ್ತಾಳೆಯದೊಂದನ್ನು ತೆಗೆದುಕೊಟ್ಟರು. ಅದು ಅವರ ಹಳೆಯ ವೈಂಡಿಂಗ್ ಯಂತ್ರದ ಲಿವರಿನ ಹಿಡಿ. ಯಂತ್ರ ಬದಲಾಯಿಸಿದಾಗ ಜೊತೆಯವರು ಬಿಚ್ಚಿ ಅವರಿಗೆ ಕೊಟ್ಟಿದ್ದರು. ಉಜ್ಜಿ ಉಜ್ಜಿ ಒಂದು ಪಕ್ಕ ಸವೆದಿತ್ತು. ಆ ಸವೆದ ಕಡೆ ತಾತನ ಹೆಬ್ಬೆರಳು ಸರಿಯಾಗಿ ಕೂರುತ್ತಿತ್ತು.

ಕೊನೆಗೆ ಆರುಮುಗಂ ಮಾಮ ಗೇರನ್ನು ಟಕ್ ಟಕ್ ಎಂದು ಒಂದೊಂದೇ ಮನೆಗೆ ಸರಿಸಿ ಗಂಗಾಳಿಗೆ ಹೇಳಿದ್ದರು: "ಮುಂದಿಂದ ಹಿಂದಕ್ಕೆ ಬರಿ ಪಾಪಾ. ಎಲ್, ಡಿ, ಎನ್, ಆರ್, ಪಿ."

ಎಲ್ ಅಂದರೆ ಏರು ಹತ್ತುವುದಕ್ಕೆ. ಡಿ ಅಂದರೆ ಮುಂದೆ. ಎನ್ ಅಂದರೆ ಸುಮ್ಮನೆ ಇರುವುದು. ಆರ್ ಅಂದರೆ ಹಿಂದೆ. ಪಿ ಅಂದರೆ ಚಕ್ರವನ್ನೇ ಕಟ್ಟಿಹಾಕಿದ ಹಾಗೆ. ಮುಂದಕ್ಕೆ ತಳ್ಳಿದರೆ ಕಾರು ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ಇದಕ್ಕಿಂತ ಸುಲಭ ಇನ್ನೇನಿದೆ?

ಅಕ್ಷರ ಒಣಗುವಷ್ಟರಲ್ಲಿ ಮಾಮನ ರೈಲಿಗೆ ಹೊತ್ತಾಯಿತು. ಮುಂದಿನ ಭಾನುವಾರ ಬಂದು ತಾನೇ ಓಡಿಸಿ ನೋಡುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹೇಳಿ ಹೋದರು. ತಾತ ಒಂದು ಗಂಟೆ ಕಾದರು. ಅಷ್ಟೇ ಅವರಿಂದ ಆಗಿದ್ದು.

*

ಸೋಮವಾರ ಸ್ಕೂಲಿನಲ್ಲಿ ಸುದ್ದಿ ಗಂಗಾಳಿಗಿಂತ ಮೊದಲೇ ತಲುಪಿತ್ತು. ತಲುಪಿಸಿದವನು ಮಂಗಮ್ಮಜ್ಜಿಯ ಮೊಮ್ಮಗ ಆದಿನಾರಾಯಣ. ಅವನೂ ಐದನೇ ಕ್ಲಾಸು, ಹಿಂದಿನ ಬೆಂಚು.

"ಅವರ ಕಾರು ಮುಂದೆ ಓಗಲ್ವಂತೆ ಕಣ್ರೋ," ಅಂತ ಅವನು ಎಲ್ಲರಿಗೂ ಕೇಳುವಂತೆ ಹೇಳಿದ. "ಊರಿಗಾಂಗೆ ಓಗ್ಬೇಕಾದ್ರೆ ಬೆಂಗ್ಳೂರ್ ಕಡೆ ಮುಖ ಮಾಡಿ ನಿಲ್ಲಿಸ್ಬೇಕಂತೆ."

ಇಡೀ ಕ್ಲಾಸು ನಕ್ಕಿತು. ಅವರೆಲ್ಲ ಇಂಗ್ಲಿಷ್ ಅಕ್ಷರ ಕಲಿತು ಐದು ತಿಂಗಳಾಗಿತ್ತಷ್ಟೆ. ಯಾರು ಬೇಕಾದರೂ ತಪ್ಪು ಬರೆಯಬಹುದು ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಗಂಗಾ ತಪ್ಪು ಬರೆದಳು ಅಂದರೆ ಯಾರಿಗೂ ಆಶ್ಚರ್ಯವಾಗಲಿಲ್ಲ.

ಗಂಗಾಳಿಗೆ ಕೂರಲಾಗಲಿಲ್ಲ. ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಎಲ್, ಡಿ, ಎನ್, ಆರ್, ಪಿ ಎಂದು ಬರೆದಳು. ಹೊಡೆದುಹಾಕಿದಳು. ಮತ್ತೆ ಬರೆದಳು. ಮಾಮ ಹೇಳಿದ್ದು ಹಿಂದಿಂದ ಮುಂದಕ್ಕೆ ಅಂತಲೋ? ಇಲ್ಲ. ಮುಂದಿಂದ ಹಿಂದಕ್ಕೆ. ಕಿವಿಯಲ್ಲಿ ಇನ್ನೂ ಇತ್ತು. ಆದರೆ ಕಿವಿಯಲ್ಲಿರುವುದನ್ನು ಬೇರೆಯವರಿಗೆ ತೋರಿಸುವುದು ಹೇಗೆ?

ಸಂಜೆ ಬೆಲ್ಲು ಹೊಡೆಯುವ ಹೊತ್ತಿಗೆ ಅವಳಿಗೆ ಒಂದು ದಾರಿ ಹೊಳೆಯಿತು.

ಗೇಟಿನ ಹತ್ತಿರ ಆದಿಯನ್ನು ಅಡ್ಡಗಟ್ಟಿ, ನಾಳೆ ಸಂಜೆ ಕಾರು ತಳ್ಳಲು ಬಾ ಅಂದಳು. ಯಾಕೆ ಅಂದ. ನಿನ್ನ ಕೈಯಲ್ಲಿ ಆಗಲ್ವಾ ಹಾಗಾದರೆ ಅಂದಳು. ಅವನು ಬಂದ.

ಮಂಗಳವಾರ ಅಮ್ಮ ಅನಸೂಯಮ್ಮ ಹಾಲು ಹಾಕಲು ಡೈರಿಗೆ ಹೋಗಿದ್ದ ಹೊತ್ತು. ತಾತ ಒಳಗೆ ಮಲಗಿದ್ದರು. ಗಂಗಾ ಹಿಂದಿನ ಚಕ್ರಗಳ ಹಿಂದೆ ಒಂದೊಂದು ಗೇಣು ದೂರದಲ್ಲಿ ಕಲ್ಲು ಇಟ್ಟಳು, ಕಾರು ಹೆಚ್ಚು ಹೋಗದಿರಲಿ ಎಂದು. ಕರುವನ್ನು ಬಿಚ್ಚಿ ಬೇರೆ ಕಡೆ ಕಟ್ಟಿದಳು. ಆಮೇಲೆ ಆದಿಗೆ ವಿವರಿಸಿದಳು. ಗೇರ್‌ಬಾಕ್ಸಿನಲ್ಲಿ ಐದು ಮನೆಗಳ ಸಾಲು ಬದಲಾಗುವುದಿಲ್ಲ. ಒಂದು ತುದಿ ಎಲ್, ಇನ್ನೊಂದು ತುದಿ ಪಿ. ಪಿಗೆ ಹಾಕಿದರೆ ಕಾರು ಅಲುಗಬಾರದು. ಅವಳು ಬರೆದಿದ್ದು ಸರಿಯಾಗಿದ್ದರೆ ಪಿ ಹಿಂದಿನ ತುದಿಯಲ್ಲಿರಬೇಕು. ಉಲ್ಟಾ ಬರೆದಿದ್ದರೆ ಮುಂದಿನ ತುದಿಯಲ್ಲಿರಬೇಕು.

ಗೇರನ್ನು ಪೂರ್ತಿ ಮುಂದಕ್ಕೆ ತಳ್ಳಿ ಬಂದಳು. ಇಬ್ಬರೂ ಮುಂದಿನ ಬಂಪರಿಗೆ ಕೈ ಕೊಟ್ಟು ತಳ್ಳಿದರು. ಕಾರು ಮೊದಲು ಮೊಂಡಾಟ ಮಾಡಿ, ಆಮೇಲೆ ಮೆಲ್ಲಗೆ ಉರುಳಿ ಕಲ್ಲಿಗೆ ತಾಗಿ ನಿಂತಿತು.

"ಓಯ್ತು," ಅಂದ ಆದಿ.

ಅದನ್ನು ಮತ್ತೆ ಜಾಗಕ್ಕೆ ತಳ್ಳಿ, ಗೇರನ್ನು ಪೂರ್ತಿ ಹಿಂದಕ್ಕೆ ಎಳೆದಳು. ಟಕ್, ಟಕ್, ಟಕ್, ಟಕ್. ಇಬ್ಬರೂ ತಳ್ಳಿದರು. ಆದಿ ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಕೊನೆಗೆ ಬೆನ್ನು ಕೊಟ್ಟು ತಳ್ಳಿದ. ಕಾರು ಬಂಡೆಯ ಹಾಗೆ ನಿಂತಿತ್ತು.

"ಪಿ," ಅಂದಳು ಗಂಗಾ.

ಆದಿ ಉಸಿರು ಬಿಡುತ್ತ ಪ್ಲೇಟನ್ನು ಇಣುಕಿ ನೋಡಿದ. "ಅಂಗಾದ್ರೆ ನೀನು ಬರ್ದಿದ್ದು ಸರಿ."

ಅವನ ಬಾಯಿಂದ ಆ ಮಾತು ಕೇಳುವುದಕ್ಕೆ ಗಂಗಾ ಎರಡು ದಿನ ಕಾದಿದ್ದಳು. ಈಗ ಅಪ್ಪನಿಗೆ ಹೇಳಬೇಕು. ಅಪ್ಪನ ರೈಲು ಎಂಟು ಗಂಟೆಗೆ. ಅವಳು ಗೇಟಿಗೂ ಬಾಗಿಲಿಗೂ ಎಷ್ಟು ಸಲ ಓಡಾಡಿದಳೆಂದರೆ, ಕಾಲಿಗೇನು ಚಕ್ರ ಕಟ್ಟಿದೆಯಾ ಎಂದು ಅಮ್ಮ ಗದರಿದಳು.

ಅಪ್ಪ ಬಂದರು. ಬಚ್ಚಲ ಕಲ್ಲಿನ ಮೇಲೆ ನಿಂತು ಕಾಲಿಗೆ ನೀರು ಹಾಕಿಕೊಳ್ಳುತ್ತ ಅಮ್ಮನ ಹತ್ತಿರ ಮಾತಾಡತೊಡಗಿದರು. ಗಂಗಾ ಟವೆಲ್ ಹಿಡಿದು ಬಾಗಿಲ ಹಿಂದೆ ನಿಂತಳು. ಮಾತು ಮುಗಿದ ತಕ್ಷಣ ಹೇಳಿಬಿಡಬೇಕು.

"ಆರುಮುಗಂ ಬಂದು ನೋಡ್ಲಿ," ಅನ್ನುತ್ತಿದ್ದರು ಅಪ್ಪ. "ಪ್ಲೇಟ್ ತಪ್ಪಾಗಿದ್ರೆ ಅದು ದೊಡ್ಡದಲ್ಲ, ಅಳಿಸಿ ಬರೀಬೋದು. ಪ್ಲೇಟ್ ಸರಿಯಾಗೇ ಇದ್ರೆ ಅನ್ನೋದೇ ನಂಗೆ ಭಯ. ಆಗ ಅಪ್ಪನ ಕೈಲಿ ಆಗ್ತಿಲ್ಲ ಅಂತ ತಾನೇ? ಮೊನ್ನೆ ಕರು ಇದ್ದ ಜಾಗ್ದಾಗೆ ನಾಳೆ ಗಂಗಾ ಇರ್ತಾಳೆ. ನಾನು ಕಾರ್ನ ಗುಜರಿಯವನಿಗೆ ಕೊಟ್ಬಿಡ್ತೀನಿ. ಅಪ್ಪ ಬೈದ್ಕೊಂಡ್ರೆ ಬೈದ್ಕೊಳ್ಲಿ."

ಬಾಯಿಗೆ ಬಂದಿದ್ದ ಮಾತನ್ನು ಗಂಗಾ ಮುದ್ದೆಯ ತುತ್ತಿನ ಹಾಗೆ ಅಗಿಯದೆ ನುಂಗಿದಳು. ಟವೆಲ್ ಕೊಟ್ಟು ಒಳಗೆ ಹೋದಳು.

*

ಬುಧವಾರ ಅವಳು ಪೇಂಟಿನ ಡಬ್ಬಿ ಹುಡುಕಿದಳು.

ಪ್ಲೇಟನ್ನು ಕೆರೆದು ಉಲ್ಟಾ ಬರೆದುಬಿಟ್ಟರೆ? ಭಾನುವಾರ ಮಾಮ ನೋಡುತ್ತಾರೆ, ತಪ್ಪು ಅನ್ನುತ್ತಾರೆ. ಅಪ್ಪ ಬೈಯುತ್ತಾರೆ, ಸರಿ. ಮತ್ತೆ ಸರಿಯಾಗಿ ಬರೆದರಾಯಿತು. ಕಾರು ಉಳಿಯುತ್ತದೆ.

ಡಬ್ಬಿಯ ಮುಚ್ಚಳ ಮೀಟುತ್ತ ಕಾರಿನ ಮರೆಯಲ್ಲಿ ಕೂತಳು. ಅಲ್ಲಿಂದ ಜಗಲಿ ಕಾಣುತ್ತಿತ್ತು. ತಾತ ಎಂದಿನಂತೆ ಕೂತಿದ್ದರು, ಊರುಗೋಲನ್ನು ಮುಂದೆ ನೆಟ್ಟಗೆ ಊರಿ, ಎಡಗೈ ಅದರ ತಲೆಯ ಮೇಲೆ.

ಸ್ಟೇಷನ್ನಿನಲ್ಲಿ ಗಾಡಿಯೊಂದು ಕೂಗಿತು. ಹೊರಡುವ ಕೂಗು. ತಾತನ ಕಣ್ಣು ರಸ್ತೆಯ ಕಡೆಗಿತ್ತು. ಆದರೆ ಅವರ ಕೈ ಊರುಗೋಲನ್ನು ಮೆಲ್ಲಗೆ, ಒಂದೇ ಹದದಲ್ಲಿ ತಮ್ಮ ಎದೆಯ ಕಡೆಗೆ ಎಳೆದುಕೊಂಡಿತು. ಗಾಡಿಯ ಸದ್ದು ದೂರವಾಗುವವರೆಗೂ ಹಾಗೇ ಹಿಡಿದುಕೊಂಡಿತ್ತು. ಸದ್ದು ನಿಂತಾಗ ಊರುಗೋಲು ಮತ್ತೆ ನೆಟ್ಟಗೆ ನಿಂತಿತು.

ಗಂಗಾ ಮುಚ್ಚಳ ಮೀಟುವುದನ್ನು ಮರೆತಳು. ಎದ್ದು ಹೋಗಿ ತಾತನ ಪಕ್ಕದಲ್ಲಿ ಕೂತಳು.

"ತಾತ, ಗಣಿಯಿಂದ ಜನಾನ ಮೇಲಕ್ಕೆ ಎತ್ತೋವಾಗ ಲಿವರ್ ಯಾವ ಕಡೆಗೆ?"

"ನನ್ ಕಡೀಕೆ," ಅಂದರು ತಾತ. ಊರುಗೋಲನ್ನು ಎಳೆದು ತೋರಿಸಿದರು. "ದೂಡಿದ್ರೆ ಇಳೀತಾರೆ. ಎಳೆದ್ರೆ ಬತ್ತಾರೆ. ನಡುವಿಗೆ ಬಿಟ್ರೆ ನಿಂತ್ರು. ಕೆಳಗಿಂದ ಮೂರು ಸಲ ಗಂಟೆ ಬಡಿದ್ರೆ ಕೇಜ್‌ನಾಗೆ ಜನ ಅವ್ರೆ ಅಂತ. ಆಗ ಮೆತ್ತಗೆ ಎಳೀಬೇಕು."

"ಲಿವರ್ ನೋಡ್ಕೊಂಡು ಎಳೀತಿದ್ಯಾ?"

"ಕಣ್ಣು ಆಳ ತೋರ್ಸೋ ಡಯಲ್ ಮ್ಯಾಲಿರ್ತದಲ್ಲಮ್ಮಿ. ಕೈನ ಯಾರು ನೋಡ್ತಾರೆ? ಮೂವತ್ತೊಂದು ವರ್ಷ. ಒಂದು ಸಲಾನೂ ತಪ್ಪಿಲ್ಲ ಈ ಕೈ."

ಹೇಳಿ ಮುಗಿಸಿದ ಮೇಲೆ ಅವರು ತಮ್ಮ ಕೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಊರುಗೋಲಿನಿಂದ ತೆಗೆದು, ಹೆಗಲ ಮೇಲಿದ್ದ ಟವೆಲಿನ ಕೆಳಗೆ ಇಟ್ಟುಕೊಂಡರು.

ಗಂಗಾ ಹೋಗಿ ಪೇಂಟಿನ ಡಬ್ಬಿಯನ್ನು ಇದ್ದಲ್ಲೇ ಇಟ್ಟಳು. ಪ್ಲೇಟಿನಲ್ಲಿ ಏನು ಬರೆದರೇನು? ತಾತ ಅದನ್ನು ನೋಡುವುದೇ ಇಲ್ಲ. ಹಿತ್ತಾಳೆಯ ಹಿಡಿ ಕೈಗೆ ಬಂದರೆ ಸಾಕು, ಕೈ ತನ್ನ ಕಡೆಗೆ ಎಳೆಯುತ್ತದೆ. ಎಳೆದರೆ ಗೇರ್‌ಬಾಕ್ಸಿನಲ್ಲಿ ಆರ್ ಬೀಳುತ್ತದೆ. ಪ್ಲೇಟು ಸುಳ್ಳು ಹೇಳಬಹುದು, ಚಕ್ರ ಹೇಳುವುದಿಲ್ಲ. ಕರು ಮತ್ತೆ ಅದೇ ಗೂಟದಲ್ಲಿ ನಿಂತು ಮೆಲುಕು ಹಾಕುತ್ತಿತ್ತು.

ಮುಂದಿನ ಎರಡು ದಿನ ಅವಳ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಊಟಕ್ಕೆ ಕೂತರೆ ಚೊಂಬನ್ನು ತನ್ನ ಕಡೆಗೆ ಎಳೆದು, ದೂಡಿ, ಎಳೆದು ನೋಡುತ್ತಿದ್ದಳು. ತಾತನಿಗೆ ಬೇರೆ ಥರ ಕಲಿಸಬಹುದೇ? ಮೂವತ್ತೊಂದು ವರ್ಷ ಕಲಿತಿದ್ದನ್ನು ಮರೆಸುವುದಕ್ಕೆ ಎಷ್ಟು ದಿನ ಬೇಕು? ಭಾನುವಾರಕ್ಕೆ ಉಳಿದಿದ್ದು ಎರಡೇ ದಿನ.

ಶುಕ್ರವಾರ ಸಂಜೆ ಬೀದಿಯ ಬೋರಿಂಗ್‌ನಲ್ಲಿ ನೀರಿಗೆ ನಿಂತಿದ್ದಳು. ಮುಂದೆ ಮಂಗಮ್ಮಜ್ಜಿ ಮುಚ್ಚಳ ಕಳಚಿಹೋಗಿದ್ದ ಪಂಪು ಹೊಡೆಯುತ್ತಿದ್ದಳು. ಅಜ್ಜಿ ಹಿಡಿಯನ್ನು ಕೆಳಕ್ಕೆ ಒತ್ತಿದಾಗ ಆ ಕಡೆಯ ಸರಪಳಿ ಮೇಲಕ್ಕೆ ಹೋಗುತ್ತಿತ್ತು. ಹಿಡಿ ಮೇಲಕ್ಕೆ ಬಂದಾಗ ಸರಪಳಿ ಕೆಳಕ್ಕೆ. ನಡುವೆ ಒಂದು ಆಣಿ. ಆಣಿಯ ಈ ಕಡೆ ಒಂದು ದಿಕ್ಕು, ಆ ಕಡೆ ಅದರ ಉಲ್ಟಾ ದಿಕ್ಕು.

"ಬಿಂದ್ಗೆ ಇಡೇ," ಅಂದಳು ಮಂಗಮ್ಮಜ್ಜಿ. "ಏನು ಪಂಪ್ ನೋಡೇ ಇಲ್ದವಳಂಗೆ ನಿಂತ್ಕೊಂಡಿದ್ದೀಯ?"

ಗಂಗಾ ಬಿಂದಿಗೆ ಇಟ್ಟಳು. ಅದು ತುಂಬಿ ಹರಿಯುತ್ತಿದ್ದರೂ ಪಂಪನ್ನೇ ನೋಡುತ್ತಿದ್ದಳು.

*

ಭಾನುವಾರ ಆರುಮುಗಂ ಮಾಮ ರೈಲಿನಿಂದ ಇಳಿದಾಗ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರು ನಿಂತಿದ್ದರು. ಗಂಗಾ, ಅವಳ ಹಿಂದೆ ಆದಿ. ಮಾಮನ ಕೈಯ ಟೂಲ್ಸ್ ಚೀಲವನ್ನು ಆದಿ ಇಸಿದುಕೊಂಡ. ಗಂಗಾ ಅವರನ್ನು ಕಲ್ಲು ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದಳು. ಬೆರಣಿ ಗೂಡು, ಕರು, ಕಾರು ತಳ್ಳಿದ್ದು, ಅಪ್ಪ ಹೇಳಿದ್ದು, ಊರುಗೋಲು.

ಅವಳು ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು, ನಡುವೆ ಆಣಿಗೆ ಒಂದು ಚುಕ್ಕಿ ಇಟ್ಟಳು.

"ಆಣಿ ಕೆಳಗೆ ಸರಳು ಸಿಕ್ಕಿಸಿದ್ದೀರ. ಅದಕ್ಕೇ ಮೇಲಿನ ತುದಿ ಎಳೆದ್ರೆ ಕೆಳಗಿನ ತುದಿ ಮುಂದಕ್ಕೆ ಹೋಗುತ್ತೆ. ಸರಳನ್ನ ಆಣಿ ಮೇಲಕ್ಕೆ ಸಿಕ್ಕಿಸಿದ್ರೆ ಎಲ್ಲಾ ಉಲ್ಟಾ ಆಗಲ್ವಾ ಮಾಮ? ಆಗ ತಾತ ಎಳೆದ್ರೆ ಡಿ ಬೀಳುತ್ತೆ."

ಮಾಮ ಆ ಗೆರೆಯನ್ನು ಒಂದು ಸುತ್ತು ಹಾಕಿ ನೋಡಿದರು. "ಅಲ್ಲಿ ಜಾಗ ಇಲ್ಲ ಪಾಪಾ. ಆಣಿ ಮೇಲೆ ನೆಲದ ತಗಡು ಇದೆ," ಅಂದರು.

ಗಂಗಾಳ ಮುಖ ಇಳಿದುಹೋಯಿತು.

ಮಾಮ ಸೀಮೆಸುಣ್ಣ ತೆಗೆದುಕೊಂಡು ಸರಳಿನ ಇನ್ನೊಂದು ತುದಿಯಲ್ಲಿ ಒಂದು ಪುಟ್ಟ ಗೆರೆ ಎಳೆದರು. "ಇದು ಗೇರ್‌ಬಾಕ್ಸಿನ ತೋಳು. ಈಗ ಕೆಳಗೆ ನೇತಾಡ್ತಿದೆ. ಇದನ್ನ ಬಿಚ್ಚಿ, ಮೇಲ್ಮುಖ ಮಾಡಿ ಕೂರಿಸಿದ್ರೆ? ನೀನು ಹೇಳಿದ್ದೇ ಆಯ್ತಲ್ಲ. ಸರಳು ಸ್ವಲ್ಪ ಬಗ್ಗಿಸ್ಬೇಕು, ಅಷ್ಟೇ."

ಅವರು ಸೀಮೆಸುಣ್ಣವನ್ನು ಅವಳಿಗೆ ವಾಪಸು ಕೊಟ್ಟರು. ಆದರೆ ಏಳಲಿಲ್ಲ.

"ಇಪ್ಪತ್ತಾರು ವರ್ಷ ಪಂಪ್ ರಿಪೇರಿಗೆ ಆ ಬಾವಿಲಿ ಇಳಿದಿದ್ದೀನಿ," ಅಂದರು. "ದಿನಾ ಸಂಜೆ ಮೂರು ಸಲ ಬಡೀತಿದ್ವಿ. ಮೇಲೆ ಎಲ್ಲೋ ನಿಮ್ ತಾತನ ಕೈ ಲಿವರ್ ಎಳೀತಿತ್ತು, ನಾನು ಮನೆಗೆ ಹೋಗ್ತಿದ್ದೆ. ಆ ಕೈ ತಪ್ಪು ಅಂತ ನಾನು ಹೇಳೋದಾ ಪಾಪಾ? ತೋಳು ತಿರುಗಿಸೋದೇ ಸುಲಭ."

ಮಧ್ಯಾಹ್ನದವರೆಗೆ ಅವರು ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದರು. ಬರೀ ಕಾಲು ಕಾಣುತ್ತಿತ್ತು. ಅಪ್ಪ ಆ ಕಾಲುಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಏನಾಗಿತ್ತು ಎಂದು ಮೂರು ಸಲ ಕೇಳಿದರು. ತಾತ ಜಗಲಿಯಿಂದ ಕಿವಿ ಕೊಟ್ಟಿದ್ದರು. ಕೈ ಟವೆಲಿನ ಕೆಳಗೇ ಇತ್ತು.

"ಈ ತೋಳು ಉಲ್ಟಾ ಕೂರಿಸಿದ್ದೆ ಕಣಪ್ಪಾ," ಅಂತ ಮಾಮನ ದನಿ ಕೆಳಗಿನಿಂದ ಬಂತು. "ನಂದೇ ತಪ್ಪು. ವಯಸ್ಸಾಯ್ತಲ್ಲ."

"ಅಂದ್ರೆ ಪ್ಲೇಟ್ ಕೂಡ ತಪ್ಪೇ."

ಕಾರಿನ ಕೆಳಗೆ ಸ್ಪ್ಯಾನರ್ ಸದ್ದು ನಿಂತಿತು. ಆದಿ ಬಾಯಿ ತೆರೆದ. ಗಂಗಾ ಅವನ ಪಾದದ ಮೇಲೆ ಕಾಲಿಟ್ಟು ಒತ್ತಿದಳು.

"ಹ್ಞೂ ಅಪ್ಪ," ಅಂದಳು. "ಬೇರೆ ಬರೀತೀನಿ."

ಜಗಲಿಯ ಮೇಲೆ ತಾತ ತಲೆಯೆತ್ತಿ ಅವಳನ್ನು ನೋಡಿದರು. ಕೈಯನ್ನು ಟವೆಲಿನ ಕೆಳಗಿನಿಂದ ತೆಗೆದು ಮತ್ತೆ ಊರುಗೋಲಿನ ಮೇಲೆ ಇಟ್ಟರು.

ಹೊಸ ತಗಡಿನ ಮೇಲೆ ಅವಳು ಪಿ, ಆರ್, ಎನ್, ಡಿ, ಎಲ್ ಎಂದು ಬರೆದಳು. ಹಳೆಯದನ್ನು ಬಿಚ್ಚಿ, ಒರೆಸಿ, ತನ್ನ ಸ್ಕೂಲ್ ಚೀಲದಲ್ಲಿ ಲೆಕ್ಕದ ಪುಸ್ತಕದ ಹಿಂದೆ ಇಟ್ಟುಕೊಂಡಳು.

ಅಪ್ಪ ಅಷ್ಟಕ್ಕೇ ಕೀ ಕೊಡುವವರಲ್ಲ. ಕರುವನ್ನು ಹಿತ್ತಲಿಗೆ ಕಳಿಸಿದರು. ಮಕ್ಕಳನ್ನು ಜಗಲಿಗೆ ಹತ್ತಿಸಿದರು. ಮಂಗಮ್ಮಜ್ಜಿಗೆ, ನಿಮ್ಮ ಬೆರಣಿಯಿಂದ ದೂರ ನಿಲ್ಲಿ ಅಂದರು. ಆಮೇಲೆ ತಾತನ ಪಕ್ಕದಲ್ಲಿ ಕೂತು, ಅಂಗಳದಲ್ಲೇ ಹತ್ತು ಸಲ ಮುಂದೆ ಹಿಂದೆ ಹೋಗಿ ತೋರಿಸಲು ಹೇಳಿದರು.

ತಾತ ಹತ್ತು ಸಲ ತೋರಿಸಿದರು. ಒಂದು ಸಲವೂ ಕಣ್ಣು ಪ್ಲೇಟಿನ ಮೇಲೆ ಹೋಗಲಿಲ್ಲ. ಕೈ ಎಳೆಯಿತು, ಕಾರು ಮುಂದೆ ಬಂತು. ಕೈ ದೂಡಿತು, ಹಿಂದೆ ಹೋಯಿತು. ಕೈ ನಡುವಿಗೆ ಬಂತು, ಕಾರು ನಿಂತಿತು. ಆರನೇ ಸಲಕ್ಕೆ ಅಪ್ಪನ ಭುಜ ಸಡಿಲವಾಯಿತು. ಎಂಟನೇ ಸಲಕ್ಕೆ ಅವರು ಕಿಟಕಿಯಿಂದ ಹೊರಗೆ ನೋಡತೊಡಗಿದರು.

"ಸರಿ," ಅಂದರು ಕೊನೆಗೆ. "ಊರಿಗಾಂವರೆಗೆ. ನಿಧಾನಕ್ಕೆ."

ಹಿಂದಿನ ಸೀಟಿನಲ್ಲಿ ಮಾಮ, ಆದಿ, ನಡುವೆ ಗಂಗಾ. ಗೇಟಿನ ಹತ್ತಿರ ಮಂಗಮ್ಮಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಕಿಟಕಿಗೆ ಬಗ್ಗಿದಳು.

"ಏನಮ್ಮಿ, ಈ ಸಲಾನಾದ್ರೂ ಸರಿಯಾಗಿ ಬರ್ದ್ಯಾ?"

"ಹ್ಞೂ ಅಜ್ಜಿ," ಅಂದಳು ಗಂಗಾ. "ಈ ಸಲ ಸರಿಯಾಗಿ ಬರ್ದೆ."

ಎದುರಿನ ಪುಟ್ಟ ಕನ್ನಡಿಯಲ್ಲಿ ತಾತನ ಕಣ್ಣು ಅವಳನ್ನು ಹುಡುಕಿ, ಸಿಕ್ಕಿತು. ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಅವರು ಕಿಟಕಿಯಿಂದ ಬಲಗೈ ಹೊರಗೆ ಚಾಚಿ, ಬೆರಳ ಗಿಣ್ಣಿನಿಂದ ಬಾಗಿಲಿನ ತಗಡಿನ ಮೇಲೆ ಬಡಿದರು. ಒಂದು, ಎರಡು, ಮೂರು.

ಅದರ ಅರ್ಥ ಏನೆಂದು ಅಪ್ಪ ಕೇಳಲಿಲ್ಲ. ಆರುಮುಗಂ ಮಾಮ ಕಿಟಕಿಯಾಚೆ ನೋಡುತ್ತ ಮುಖ ಒರೆಸಿಕೊಂಡರು. ಗಂಗಾ ಮುಂದಿನ ಸೀಟಿನ ಅಂಚನ್ನು ಹಿಡಿದು ಕೂತಳು. ಅವಳ ಕಾಲು ಒಂದು ವಾರದ ಮೇಲೆ ಮೊದಲ ಸಲ ಅಲುಗದೆ ಸುಮ್ಮನಿತ್ತು.

ತಾತನ ಎಡಗೈ ಹಿತ್ತಾಳೆಯ ಹಿಡಿಯನ್ನು ಮೆತ್ತಗೆ ತನ್ನ ಕಡೆಗೆ ಎಳೆಯಿತು.